ಬೋಡಿಲ್ ಕೇರ್ ಅವರ 1959ರ ಕಚೇರಿ ಮೇಜು: ಒಡೆತನದ ಹಿನ್ನೆಲೆಯನ್ನು ಸಾಬೀತುಪಡಿಸುವುದು ಹೇಗೆ?

ಅಮಾಗರ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಹಳೆಯ ಪೀಠೋಪಕರಣಗಳನ್ನು ಬಲ್ಲವರು ಈ ವೇದಿಕೆಯಲ್ಲಿ ಹಲವರಿದ್ದೀರಿ ಎಂಬ ಧೈರ್ಯದಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಕೋಪನ್‌ಹೇಗನ್ನಿನ ಅಮಾಗರ್‌ನಲ್ಲಿರುವ ನಮ್ಮ ಮನೆಯಲ್ಲಿ ಒಂದು ಬರೆಯುವ ಮೇಜಿದೆ. ಬೋಡಿಲ್ ಕೇರ್ ಅವರು 1959ರಲ್ಲಿ ವಿನ್ಯಾಸಗೊಳಿಸಿ, ಇ. ಪೆಡರ್ಸೆನ್ ಆಂಡ್ ಸೋನ್ ಎಂಬ ಡೆನ್ಮಾರ್ಕಿನ ತಯಾರಕರು ಮಾಡಿಕೊಟ್ಟ ಕಚೇರಿ ಮೇಜು ಅದು. ಮಂದ ಕ್ರೋಮ್ ಲೇಪನದ ಉಕ್ಕಿನ ಚೌಕಟ್ಟು, ಅದರ ಮೇಲೆ ತೇಲುತ್ತಿರುವಂತೆ ಕಾಣುವ ರೋಸ್‌ವುಡ್ ಹಲಗೆ, ಹಲಗೆಯ ಕೆಳಗೆ ತೂಗುಬಿದ್ದಿರುವ ತೆಳುವಾದ ಡ್ರಾಯರುಗಳು. ನೆರೆಯ ಬೀದಿಯ ಹಿರಿಯರೊಬ್ಬರು ತೀರಿಕೊಂಡಾಗ ಅವರ ಮಗಳು ಮನೆ ಸಾಮಾನುಗಳನ್ನು ವಿಲೇವಾರಿ ಮಾಡುತ್ತಿದ್ದರು. ಅವರಿಂದ ಇದನ್ನು ಕೊಂಡೆವು. ನಮ್ಮ ಮನೆಯವರು ಅಂದಿನಿಂದ ಇದರ ಮೇಲೆಯೇ ಕೆಲಸ ಮಾಡುತ್ತಿದ್ದಾರೆ. ಈಗ ನಾವು ಮೈಸೂರಿಗೆ ಮರಳಲು ನಿರ್ಧರಿಸಿದ್ದೇವೆ, ಮೇಜನ್ನೂ ಜೊತೆಗೆ ಒಯ್ಯುವ ಆಸೆಯಿದೆ.

ನಮ್ಮ ಬಳಿ ಇರುವ ಕಾಗದಗಳು ಕಡಿಮೆ. ಒಂದು ಎಂಜಿನಿಯರಿಂಗ್ ಕಚೇರಿಯ ಹೆಸರಿಗೆ ಬರೆದ 1964ರ ಬೆರಳಚ್ಚಿನ ಬಿಲ್ಲು ಇದೆ. ಅದರಲ್ಲಿ ರೋಸ್‌ವುಡ್ ಮೇಜು ಎಂದಷ್ಟೇ ಇದೆ, ವಿನ್ಯಾಸಕಿಯ ಹೆಸರಿಲ್ಲ. ಮೇಲ್ಹಲಗೆಗೆ ಮರುಪಾಲಿಶ್ ಮಾಡಿದ್ದಕ್ಕೆ 1983ರ ದುರಸ್ತಿ ರಸೀದಿ ಇದೆ. ಡ್ರಾಯರ್ ಪೆಟ್ಟಿಗೆಯ ಹಿಂಬದಿಯಲ್ಲಿ ಎರಡು ಸಣ್ಣ ತಿರುಪುಗಳಿಂದ ಕೂರಿಸಿದ ಹಿತ್ತಾಳೆಯ ಬಿಲ್ಲೆ ಇದ್ದು, ಅದರ ಮೇಲೆ 47 ಎಂಬ ಅಂಕಿ ಇದೆ. ಮೇಜು ಕಚೇರಿಯಿಂದ ಆ ಹಿರಿಯರ ಮನೆಗೆ ಬಂದದ್ದು ಹೇಗೆ ಎಂಬುದಕ್ಕೆ ಕಾಗದವೇ ಇಲ್ಲ. ಅವರು ಆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು ಎಂದು ಮಗಳು ಹೇಳುತ್ತಾರೆ. ಬೆಲೆ ಕಟ್ಟಲು ಬಂದಿದ್ದ ವ್ಯಾಪಾರಿಯೊಬ್ಬರು ಮಾತ್ರ ಈ ಕಾಗದಗಳನ್ನು ಕಣ್ಣೆತ್ತಿಯೂ ನೋಡದೆ, “ಇದು ಜೇಮ್ಸ್ ಬಾಂಡ್ ಮೇಜು, ಅದೊಂದು ಮಾತು ಸಾಕು” ಎಂದುಬಿಟ್ಟರು. ನಿಜವಾಗಿಯೂ ಸಾಕೇ?

ದಾಖಲೆ ಕೋಣೆ

ಮೇಡಂ, ಸಾಲದು. ಅರವತ್ತರ ದಶಕದ ಬಾಂಡ್ ಚಿತ್ರಗಳಲ್ಲಿ ಈ ವಿನ್ಯಾಸದ ಮೇಜು ಕಾಣಿಸಿಕೊಂಡಿದೆ ಎಂಬುದು ನಿಜ. ಆ ಕಾರಣಕ್ಕೇ ಅದು ಇಷ್ಟು ಪ್ರಸಿದ್ಧವಾಯಿತು ಎನ್ನಬಹುದು. ಆದರೆ ತೆರೆಯ ಮೇಲೆ ಬಂದದ್ದು ಈ ಮಾದರಿಯ ಮೇಜೇ ಹೊರತು ನಿಮ್ಮ ಮೇಜಲ್ಲ. ವ್ಯಾಪಾರಿಗಳು ಈ ಎರಡನ್ನು ಬೇಕೆಂದೇ ಕಲಸಿಬಿಡುತ್ತಾರೆ. ಒಂದೇ ಅಚ್ಚಿನಿಂದ ಬಂದ ನೂರಾರು ವಸ್ತುಗಳ ಕೀರ್ತಿಯನ್ನು ಒಂದು ವಸ್ತುವಿನ ಚರಿತ್ರೆಯೆಂಬಂತೆ ಹೇಳುವುದು ಈ ವ್ಯಾಪಾರದ ಹಳೆಯ ಚಾಳಿ.

ನಿಮ್ಮ ಮುಂದೆ ಇರುವ ಪ್ರಶ್ನೆಗಳು ಮೂರು, ಮತ್ತು ಅವನ್ನು ಬೇರೆಬೇರೆಯಾಗಿಯೇ ನೋಡಬೇಕು. ವಿನ್ಯಾಸ ಯಾರದು ಎಂಬುದು ಆಕಾರದಿಂದಲೇ ತಿಳಿಯುತ್ತದೆ. ಈ ನಿರ್ದಿಷ್ಟ ಮೇಜನ್ನು ಮಾಡಿದವರು ಯಾರು, ಯಾವಾಗ ಎಂಬುದನ್ನು ಮರ, ಲೋಹ ಮತ್ತು ಕೆಲಸಗಾರಿಕೆ ಹೇಳಬೇಕು. ಈ ವಿನ್ಯಾಸವನ್ನು ಡೆನ್ಮಾರ್ಕಿನ ಕಂಪನಿಯೊಂದು ಈಚಿನ ವರ್ಷಗಳಲ್ಲಿ ಮತ್ತೆ ತಯಾರಿಸುತ್ತಿರುವುದರಿಂದ ಹಳತು–ಹೊಸತು ಎಂಬ ಪ್ರಶ್ನೆ ಕೇವಲ ತರ್ಕದ್ದಲ್ಲ. ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ಮಾತ್ರ ಕಾಗದ ಬೇಕು.

ಈ ಮೇಜು ಕಚೇರಿಯೊಂದಕ್ಕೆ ಮಾರಾಟವಾಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. 1932ರಲ್ಲಿ ಹುಟ್ಟಿದ ಬೋಡಿಲ್ ಕೇರ್ ಅವರು ಮನೆಯ ಬೈಠಕ್‌ಗಾಗಿ ಇದನ್ನು ರಚಿಸಿದವರಲ್ಲ. ಆಗ ಕಟ್ಟಲಾಗುತ್ತಿದ್ದ ಗಾಜು–ಕಾಂಕ್ರೀಟಿನ ಕಟ್ಟಡಗಳಿಗೆ ಒಪ್ಪುವ ಕಚೇರಿ ಸಾಮಾನುಗಳು ಇಲ್ಲವೆಂದು ಕಂಡು, ಕಟ್ಟಡದ ಅಂಗಗಳೇ ಎನ್ನುವ ಹಾಗೆ ಒಂದು ಸರಣಿಯನ್ನು ರೂಪಿಸಿದರು. ಮೇಜನ್ನು ಗೋಡೆಗೆ ಒತ್ತಿ ಇಡದೆ ಕೋಣೆಯ ನಡುವೆ ನಿಲ್ಲಿಸಬೇಕೆಂಬುದು ಅವರ ಎಣಿಕೆಯಾಗಿತ್ತು. ಆದ್ದರಿಂದ ಅದರ ಹಿಂಬದಿಗೂ ಮುಂಭಾಗದಷ್ಟೇ ಅಚ್ಚುಕಟ್ಟಾದ ಕೆಲಸವಿದೆ. ನಿಮ್ಮ ಹಿತ್ತಾಳೆ ಬಿಲ್ಲೆ ಇರುವುದು ಆ ಹಿಂಬದಿಯಲ್ಲೇ ಎಂಬುದನ್ನು ನೆನಪಿಡಿ. ಕಚೇರಿಗಳು ದಾಸ್ತಾನು ಪುಸ್ತಕಕ್ಕೆ ಹೊಂದುವಂತೆ ಹೀಗೆ ಅಂಕಿ ಹಾಕುತ್ತಿದ್ದವು.

ಹಳೇ ಪಾಲಿಶ್

ನಾನು ಮೈಸೂರಿನಲ್ಲಿ ಹಳೆಯ ಬೀಟೆ, ತೇಗದ ಸಾಮಾನುಗಳ ದುರಸ್ತಿ ಮಾಡುವವನು. ಡೆನ್ಮಾರ್ಕಿನ ಸಾಮಾನು ನನ್ನ ಕೈಗೆ ಬಂದದ್ದು ವಿರಳ, ಆದರೆ ಮರ ಎಲ್ಲಿದ್ದರೂ ಮರವೇ ಆದ್ದರಿಂದ ಎರಡು ಮಾತು ಹೇಳುತ್ತೇನೆ.

ಮೊದಲನೆಯದಾಗಿ, ಮೇಲ್ಹಲಗೆಯನ್ನು ನೇರ ಬೆಳಕಿನಲ್ಲಿ ನೋಡಬೇಡಿ. ಸಂಜೆ ದೀಪವನ್ನು ಹಲಗೆಯ ಮಟ್ಟಕ್ಕೆ ಹಿಡಿದು ಓರೆ ಬೆಳಕಿನಲ್ಲಿ ನೋಡಿ. ರೋಸ್‌ವುಡ್ ಬಿಸಿಲಿಗೆ ಬಿಳುಚಿಕೊಳ್ಳುತ್ತದೆ; ಬರೆಯುವ ಹಾಸು, ಟೆಲಿಫೋನ್ ಅಥವಾ ಬೆರಳಚ್ಚು ಯಂತ್ರ ವರ್ಷಗಟ್ಟಲೆ ಒಂದೇ ಕಡೆ ಕುಳಿತಿದ್ದರೆ ಅದರ ಅಡಿಯ ಜಾಗ ಗಾಢವಾಗಿಯೇ ಉಳಿದು ಗುರುತು ಬಿಟ್ಟಿರುತ್ತದೆ. 1983ರ ಪಾಲಿಶಿನವರು ಉಪ್ಪುಕಾಗದ ಹಾಕಿ ಜೋರಾಗಿ ಉಜ್ಜಿದ್ದರೆ ಈ ಗುರುತುಗಳು ಹೋಗಿರುತ್ತವೆ, ಅಂಚಿನಲ್ಲಿ ವೆನೀರ್, ಅಂದರೆ ಮೇಲೆ ಅಂಟಿಸಿದ ತೆಳುವಾದ ಮರದ ಪದರ, ಸವೆದು ಒಳಗಿನ ಹಲಗೆ ಇಣುಕುತ್ತಿರುತ್ತದೆ. ಡ್ರಾಯರುಗಳನ್ನು ಪೂರ್ತಿ ಹೊರತೆಗೆದು ಅವುಗಳ ಬದಿಯ ಬಣ್ಣವನ್ನು ಮುಂಭಾಗದ ಬಣ್ಣದೊಂದಿಗೆ ಹೋಲಿಸಿ ನೋಡಿ.

ಎರಡನೆಯದು ಬಿಲ್ಲೆಯ ವಿಷಯ. ದಯವಿಟ್ಟು ಅದನ್ನು ಬಿಚ್ಚಬೇಡಿ. ಬಿಚ್ಚದೆಯೇ ತಿಳಿಯಬಹುದಾದದ್ದು ಬಹಳಷ್ಟಿದೆ. ಬಿಲ್ಲೆಯ ಅಂಚಿನ ಸುತ್ತ, ತಿರುಪಿನ ತಲೆಯ ಗೀರಿನೊಳಗೆ ಹಳೆಯ ಪಾಲಿಶ್ ಗಟ್ಟಿಯಾಗಿ ನಿಂತಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ನಿಂತಿದ್ದರೆ, ಪಾಲಿಶ್ ಹಚ್ಚುವ ಹೊತ್ತಿಗಾಗಲೇ ಬಿಲ್ಲೆ ಅಲ್ಲಿತ್ತು ಎಂದು ಧಾರಾಳವಾಗಿ ಹೇಳಬಹುದು.

ಸಂಶಯಾತ್ಮ

ಇಷ್ಟೊಂದು ತಲೆಕೆಡಿಸಿಕೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ. ಮೇಜು ನಿಮ್ಮದು, ಹಣ ಕೊಟ್ಟು ಕೊಂಡಿದ್ದೀರಿ. ಇಂಥ ವಸ್ತುಗಳ ಬೆಲೆ ನಿಂತಿರುವುದು ಕಥೆಯ ಮೇಲೆ. ಬಾಂಡ್ ಹೆಸರು ಹೇಳಿ ಅಲ್ಲಿಯೇ ಮಾರಿ, ಬಂದ ಹಣದಲ್ಲಿ ಮೈಸೂರಿನಲ್ಲಿ ಒಳ್ಳೆಯ ಬೀಟೆಯ ಮೇಜನ್ನು ಮಾಡಿಸಬಹುದಲ್ಲವೇ?

ದಾಖಲೆ ಕೋಣೆ

ಕಥೆಗೆ ಬೆಲೆ ಬರುತ್ತದೆ, ಒಪ್ಪುತ್ತೇನೆ. ಆದರೆ ನಿಜವಾದ ದೊಡ್ಡ ಬೆಲೆ ಬಂದಿರುವುದು ಎಂಥ ಕಥೆಗೆ ಎಂದು ನೋಡಬೇಕು. ಪೆಡರ್ ಮೋಸ್ ಎಂಬ ಡೆನ್ಮಾರ್ಕಿನ ಬಡಗಿ–ವಿನ್ಯಾಸಕ 1952ರಲ್ಲಿ ನಾಕ್ಸ್‌ಕೋವ್ ಊರಿನ ವಿಲ್ಲಾ ಓಬರ್ಟಿನ್ ಎಂಬ ಒಂದು ಮನೆಗಾಗಿಯೇ ಮಾಡಿಕೊಟ್ಟ ಊಟದ ಮೇಜು 2015ರಲ್ಲಿ ಲಂಡನ್ನಿನ ಫಿಲಿಪ್ಸ್ ಹರಾಜಿನಲ್ಲಿ 6,02,500 ಪೌಂಡಿಗೆ ಹೋಯಿತು. ಅದಕ್ಕೆ ಸಿನಿಮಾ ನಂಟು ಏನೂ ಇರಲಿಲ್ಲ. ಯಾರು ಮಾಡಿದರು, ಯಾರಿಗಾಗಿ ಮಾಡಿದರು, ಯಾವ ಮನೆಗೆ ಮಾಡಿದರು ಎಂಬ ಮೂರೂ ಪ್ರಶ್ನೆಗಳಿಗೆ ಅನುಮಾನಕ್ಕೆ ಎಡೆಯಿಲ್ಲದ ಉತ್ತರವಿತ್ತು.

ಇನ್ನೊಂದು ತುದಿಯಲ್ಲಿ ಡೆನ್ಮಾರ್ಕಿನ ಪೀಠೋಪಕರಣ ವಿನ್ಯಾಸಕ ಫಿನ್ ಯೂಲ್ ಅವರ ಸ್ವಂತ ಮನೆಯನ್ನು ನೋಡಿ. ಕೋಪನ್‌ಹೇಗನ್ನಿನ ಉತ್ತರಕ್ಕೆ ಓರ್ಡ್ರುಪ್‌ನಲ್ಲಿ ಅವರು 1942ರಲ್ಲಿ ಕಟ್ಟಿಸಿಕೊಂಡ ಮನೆ ಅದು. 1989ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಸಂಗಾತಿ ಅಲ್ಲಿಯೇ ವಾಸವಿದ್ದರು. 2008ರಿಂದ ಓರ್ಡ್ರುಪ್‌ಗಾರ್ಡ್ ವಸ್ತುಸಂಗ್ರಹಾಲಯದ ಭಾಗವಾಗಿ ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿನ ಬರೆಯುವ ಮೇಜಿನ ಒಡೆತನದ ಬಗ್ಗೆ ಯಾರೂ ಪ್ರಶ್ನೆ ಎತ್ತುವ ಹಾಗಿಲ್ಲ. ಅಮಾಗರ್‌ನವರಿಗೆ ಅಂಥ ಸುಖವಿಲ್ಲ, ಆದರೆ ಕೈಯಲ್ಲಿರುವ ಮೂರು ಸಾಕ್ಷ್ಯಗಳು ಒಂದಕ್ಕೊಂದು ತಾಳೆಯಾದರೆ ಬಾಂಡ್ ಕಥೆಗಿಂತ ಖಂಡಿತ ಗಟ್ಟಿಯಾದದ್ದು ಸಿಗುತ್ತದೆ.

ಗಡಿ ಕಾಗದ

ಬೆಲೆಯ ಚರ್ಚೆ ಚೆನ್ನಾಗಿದೆ, ಆದರೆ ಈ ಪ್ರಕರಣದಲ್ಲಿ ಒಡೆತನದ ಕಾಗದ ಬೇಕಾಗಿರುವುದು ಬೆಲೆಗಾಗಿ ಅಲ್ಲವೇ ಅಲ್ಲ. ಸಾಮಾನು ಸಾಗಣೆಯ ಕಾಗದಪತ್ರಗಳೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆ ಕಾಲದ ಡೆನ್ಮಾರ್ಕಿನ ಸಾಮಾನುಗಳಲ್ಲಿ ರೋಸ್‌ವುಡ್ ಎಂದರೆ ಬಹುಮಟ್ಟಿಗೆ ಬ್ರೆಜಿಲ್ ದೇಶದ ಮರ, ಡಾಲ್ಬರ್ಜಿಯಾ ನೈಗ್ರಾ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧ 1ಕ್ಕೆ ಈ ಮರ 1992ರ ಜೂನ್ 11ರಂದು ಸೇರಿತು. ಹುಲಿಯ ಚರ್ಮ, ಆನೆಯ ದಂತ ಇರುವ ಪಟ್ಟಿ ಅದು. ಕಚ್ಚಾ ದಿಮ್ಮಿಗೆ ಮಾತ್ರ ಇದು ಅನ್ವಯಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಮೇಜು, ಕುರ್ಚಿ, ಗಿಟಾರ್ ಎಲ್ಲಕ್ಕೂ ಅನ್ವಯಿಸುತ್ತದೆ, ವೆನೀರ್ ಎಷ್ಟೇ ತೆಳುವಾಗಿದ್ದರೂ ಸರಿ.

ಈ ಮರದ ವಸ್ತು ಗಡಿ ದಾಟಬೇಕಾದರೆ, ಅದು 1992ರ ಆ ದಿನಾಂಕಕ್ಕೆ ಮೊದಲೇ ಮರವಾಗಿ ಪಡೆದದ್ದು ಎಂದು ತೋರಿಸಿ, ಹೊರಡುವ ದೇಶದ ಸೈಟಿಸ್ ಪ್ರಾಧಿಕಾರದಿಂದ ಒಪ್ಪಂದ–ಪೂರ್ವ ಪ್ರಮಾಣಪತ್ರ ಪಡೆಯುವುದೇ ಸರಿಯಾದ ದಾರಿ. ಇಲ್ಲಿಯೇ ಮೇಡಂ ಅವರ 1983ರ ರಸೀದಿ ಮುಖ್ಯವಾಗುವುದು. ಬಾಂಡ್ ಕುಳಿತನೋ ಬಿಟ್ಟನೋ ಅಧಿಕಾರಿಗೆ ಬೇಕಾಗಿಲ್ಲ. 1992ಕ್ಕೆ ಮೊದಲು ಈ ಮೇಜೇ ಡೆನ್ಮಾರ್ಕಿನಲ್ಲಿತ್ತು ಎಂದು ಹೇಳುವ ಒಂದು ಸಾಮಾನ್ಯ ಪಾಲಿಶ್ ಬಿಲ್ಲು ಅವರಿಗೆ ಸಾಕು. ಅದು “ಈ ಮೇಜೇ” ಎಂದು ಸಾಬೀತಾಗಬೇಕು, ಅಷ್ಟೆ.

ಸಂಶಯಾತ್ಮ ಅವರು “ಅಲ್ಲಿಯೇ ಮಾರಿಬಿಡಿ” ಎಂದಿದ್ದಾರೆ. ಅದೂ ಸಲೀಸಲ್ಲ. ಐರೋಪ್ಯ ಒಕ್ಕೂಟದ ಒಳಗೂ ಈ ಮರದ ವಸ್ತುವಿನ ಮಾರಾಟಕ್ಕೆ ಪ್ರಮಾಣಪತ್ರ ಬೇಕು. ಐವತ್ತು ವರ್ಷ ದಾಟಿದ ಕುಶಲ ವಸ್ತುಗಳಿಗೆ ವಿನಾಯಿತಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಐವತ್ತು ವರ್ಷಗಳನ್ನು ಇಂದಿನಿಂದ ಹಿಂದಕ್ಕೆ ಎಣಿಸುವುದಿಲ್ಲ, ನಿಯಮ ಜಾರಿಗೆ ಬಂದ 1997ರಿಂದ ಎಣಿಸುತ್ತಾರೆ. ಅಂದರೆ 1947ರ ಮಾರ್ಚ್ 3ಕ್ಕೆ ಮೊದಲಿನ ವಸ್ತುಗಳಿಗೆ ಮಾತ್ರ ಆ ವಿನಾಯಿತಿ. ಐವತ್ತು, ಅರವತ್ತರ ದಶಕದ ಡೆನ್ಮಾರ್ಕಿನ ರೋಸ್‌ವುಡ್ ಸಾಮಾನು ಅಷ್ಟೂ ಇದರ ಹೊರಗೇ ಉಳಿಯಿತು.

ಅಮಾಗರ್ ಕನ್ನಡತಿ

ಹಳೇ ಪಾಲಿಶ್ ಸರ್, ನೀವು ಹೇಳಿದ ಹಾಗೆ ದೀಪ ಹಿಡಿದು ನೋಡಿದೆವು. ಮೇಲ್ಹಲಗೆಯ ಎಡಬದಿಯಲ್ಲಿ ಅಂಗೈ ಅಗಲದ, ಒಂದು ಮೂಲೆ ದುಂಡಾದ ಗಾಢ ಗುರುತು ಮಸುಕಾಗಿ ಉಳಿದಿದೆ, ಬಹುಶಃ ಟೆಲಿಫೋನಿನದು. ಅಂಚಿನಲ್ಲಿ ವೆನೀರ್ ಎಲ್ಲಿಯೂ ಸವೆದಿಲ್ಲ. ಬಿಲ್ಲೆಯ ವಿಷಯದಲ್ಲಿ ನಿಮ್ಮ ಊಹೆ ನಿಜವಾಯಿತು. ಅದರ ಕೆಳಗಂಚಿನ ಉದ್ದಕ್ಕೂ ಜೇನಿನ ಬಣ್ಣದ ಪಾಲಿಶ್ ಒಂದು ಎಳೆಯಾಗಿ ಗಟ್ಟಿಯಾಗಿದೆ; ತಿರುಪಿನ ಗೀರುಗಳಲ್ಲಿ ಒಂದು ಪೂರ್ತಿ ತುಂಬಿಹೋಗಿದೆ.

ಜೊತೆಗೆ ಇನ್ನೊಂದು ಸಂಗತಿ. ಆ ರಸೀದಿಯನ್ನು ಸ್ಕ್ಯಾನ್ ಮಾಡುವಾಗ ಮೇಲಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ “47” ಎಂದು ಬರೆದಿರುವುದು ಕಂಡಿತು. ಇದುವರೆಗೆ ಅದನ್ನು ಅಂಗಡಿಯವರ ಲೆಕ್ಕದ ಅಂಕಿ ಎಂದುಕೊಂಡಿದ್ದೆವು. ರಸೀದಿ ಇರುವುದು ಕಚೇರಿಯ ಹೆಸರಿಗೇ.

ದಾಖಲೆ ಕೋಣೆ

ಇದು ಬಹಳ ಮುಖ್ಯವಾದ ಸಂಗತಿ. ಈಗ ರಸೀದಿಗೂ ವಸ್ತುವಿಗೂ ನಡುವೆ ಸಂಬಂಧ ಏರ್ಪಟ್ಟಿತು. 1983ರಲ್ಲಿ ಮೇಜು ಇನ್ನೂ ಕಚೇರಿಯ ಸ್ವತ್ತಾಗಿಯೇ ಇತ್ತು ಎಂಬುದೂ ಸಿದ್ಧವಾಯಿತು. ಪೆನ್ಸಿಲ್ ಬರಹವನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಬರೆಯಬಹುದು ಎಂಬ ಆಕ್ಷೇಪ ಬಂದೀತು. ಅದಕ್ಕೆ ಉತ್ತರವಾಗಿ ಬಿಲ್ಲೆಯ ಸುತ್ತಲಿನ ಪಾಲಿಶ್ ಎಳೆಯ ಸಮೀಪಚಿತ್ರವಿರಲಿ. ಎರಡು ಸಾಕ್ಷ್ಯಗಳು ಒಂದಕ್ಕೊಂದು ಆಸರೆಯಾಗುತ್ತವೆ.

ಕಚೇರಿಯಿಂದ ಮನೆಗೆ ಬಂದ ಕೊಂಡಿ ಮಾತ್ರ ಬಾಯಿಮಾತಿನದಾಗಿಯೇ ಉಳಿಯುತ್ತದೆ. ಅದನ್ನು ಮುಚ್ಚಿಡಲು ಹೋಗಬೇಡಿ. ಹಿರಿಯರ ಮಗಳಿಂದ ಒಂದು ಹೇಳಿಕೆ ಬರೆಸಿಕೊಳ್ಳಿ: ತಂದೆ ಯಾವ ಕಚೇರಿಯಲ್ಲಿ ಇದ್ದರು, ಮೇಜು ಮನೆಗೆ ಬಂದದ್ದು ತನಗೆ ನೆನಪಿರುವ ಮಟ್ಟಿಗೆ ಯಾವಾಗ, ನಿಮಗೆ ಮಾರಿದ್ದು ಯಾವಾಗ ಎಂದು. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯಲಿ. ಎಲ್ಲ ವರ್ಷಗಳನ್ನೂ ಸರಾಗವಾಗಿ ತುಂಬಿಕೊಟ್ಟ ಹೇಳಿಕೆಗಿಂತ, ಒಂದೆರಡು ಕಡೆ ಖಾಲಿ ಬಿಟ್ಟ ಹೇಳಿಕೆಯನ್ನು ಪರಿಶೀಲಿಸುವವರು ಹೆಚ್ಚು ನಂಬುತ್ತಾರೆ ಎಂಬುದು ನನ್ನ ಅನುಭವ.

ಮೂಡಿಗೆರೆ ತೋಟ

ನಮ್ಮ ಕಡೆಯ ಬೀಟೆಯೂ ಇದೇ ಕುಲದ್ದಲ್ಲವೇ? ತೋಟದಲ್ಲಿ ನಿಂತ ಬೀಟೆ ಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಬಾಗಿಲಿಗೆ ಎಷ್ಟು ಸಲ ಹೋಗಬೇಕೆಂದು ನಮಗೆ ಗೊತ್ತು. ಮೇಜಿನ ಮರ ಬ್ರೆಜಿಲಿನದಾಗಿರದೆ ನಮ್ಮದೇ ಆಗಿದ್ದರೆ ನಿಯಮ ಬದಲಾಗುತ್ತದೆಯೇ?

ಗಡಿ ಕಾಗದ

ಒಳ್ಳೆಯ ಪ್ರಶ್ನೆ. ನಮ್ಮ ಬೀಟೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. 2017ರ ಜನವರಿ 2ರಿಂದ ಈ ಕುಲದ ಉಳಿದೆಲ್ಲ ಮರಗಳೂ ಅನುಬಂಧ 2ರಲ್ಲಿವೆ. ನೈಗ್ರಾ ಒಂದೇ ಅನುಬಂಧ 1ರಲ್ಲಿ ಇರುವುದು. ಅನುಬಂಧ 2ರ ಕಟ್ಟುಪಾಡು ಅಷ್ಟು ಬಿಗಿಯಲ್ಲ. ಅರವತ್ತರ ದಶಕದ ಕೊನೆಗೆ ಬ್ರೆಜಿಲ್ ತನ್ನ ದಿಮ್ಮಿಗಳ ರಫ್ತನ್ನು ಬಿಗಿಗೊಳಿಸಿದಾಗ ಅನೇಕ ತಯಾರಕರು ಭಾರತದ ಬೀಟೆಯತ್ತ ತಿರುಗಿದ್ದೂ ಉಂಟು. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರ ಸುಮಾರಿಗೆ ಬದಲಾಯಿಸಿದ್ದು ಇದೇ ಕಾರಣಕ್ಕೆ. ಆದರೆ ಈ ಮೇಜಿನ ಬಿಲ್ಲು 1964ರದ್ದು, ಆದ್ದರಿಂದ ಬ್ರೆಜಿಲಿನ ಮರವೆಂದೇ ಹಿಡಿದು ಹೊರಡುವುದು ಕ್ಷೇಮ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರದ ಜಾತಿಯನ್ನು ಗುರುತಿಸಿಕೊಡುತ್ತಾರೆ. ಅಲ್ಲಿಗೇ ಒಂದು ಚೂರು ಕಳುಹಿಸೋಣ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಆ ಚೂರೂ ಅನುಬಂಧ 1ರ ಮರವೇ ಆದ್ದರಿಂದ ಅದಕ್ಕೂ ಕಾಗದ ಬೇಕು! ಪರೀಕ್ಷೆ ಬೇಕಿದ್ದರೆ ಡೆನ್ಮಾರ್ಕಿನಲ್ಲಿಯೇ ಮಾಡಿಸಿ.

ಹಳೇ ಪಾಲಿಶ್

ಕಣ್ಣಂದಾಜಿಗೆ ಹೇಳುವುದಾದರೆ, ನಮ್ಮ ಬೀಟೆಯಲ್ಲಿ ನೇರಳೆ ಛಾಯೆ ಹೆಚ್ಚು, ಗೆರೆಗಳು ಹೆಚ್ಚುಕಡಿಮೆ ಒಂದೇ ಸಮ ಹರಿಯುತ್ತವೆ. ಬ್ರೆಜಿಲಿನದರಲ್ಲಿ ಕೆಂಗಂದು ಮೈಯ ಮೇಲೆ ಶಾಯಿ ಹರಿದಂಥ ಕಪ್ಪು ಗೆರೆಗಳು ಅಡ್ಡಾದಿಡ್ಡಿ ಹೋಗಿರುತ್ತವೆ. ಆದರೆ ಬಿಳುಚಿ, ಪಾಲಿಶ್ ಕಂಡ ಹಲಗೆಯ ಮೇಲೆ ಈ ಅಂದಾಜನ್ನು ನೆಚ್ಚಿಕೊಂಡು ಸರ್ಕಾರಿ ಅರ್ಜಿ ತುಂಬಲು ನಾನಂತೂ ಒಪ್ಪುವುದಿಲ್ಲ.

ಸಂಶಯಾತ್ಮ

ಮನೆ ಸಾಮಾನು ಎಂದು ಘೋಷಿಸಿ ಕಂಟೇನರಿನಲ್ಲಿ ಹಾಕಿದರೆ ಯಾರು ಕೇಳುತ್ತಾರೆ? ವಾಸಸ್ಥಳ ಬದಲಾವಣೆಗೆ ವಿನಾಯಿತಿ ಇದೆಯಲ್ಲ.

ಗಡಿ ಕಾಗದ

ಸುಂಕದ ವಿನಾಯಿತಿ ಬೇರೆ, ಸೈಟಿಸ್ ಬೇರೆ. ಒಪ್ಪಂದದಲ್ಲಿಯೂ ಮನೆ ಸಾಮಾನಿಗೆ ವಿನಾಯಿತಿ ಇದೆ, ನಿಜ. ಆದರೆ ಅನುಬಂಧ 1ರ ವಸ್ತುವನ್ನು ಮಾಲೀಕರು ತಮ್ಮ ವಾಸದ ದೇಶದ ಹೊರಗೆ ಪಡೆದು ಆ ದೇಶಕ್ಕೆ ತರುವ ಸಂದರ್ಭಕ್ಕೆ ಅದು ಅನ್ವಯಿಸುವುದಿಲ್ಲ. ವಾಸದ ದೇಶ ಯಾವುದೆಂದು ಇಲ್ಲಿ ವಾದ ಮಾಡಬಹುದು, ಬಂದರಿನಲ್ಲಿ ವಾದ ಮಾಡುವುದು ಕಷ್ಟ. ಅಲ್ಲದೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಸೈಟಿಸ್‌ಗೆಂದೇ ಒಂದು ಅಧ್ಯಾಯ ಸೇರಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೇಡಂ, ಡೆನ್ಮಾರ್ಕಿನ ಪ್ರಾಧಿಕಾರಕ್ಕೆ ಅರ್ಜಿ ಹಾಕುವಾಗಲೇ ದೆಹಲಿಯ ಪರಿಸರ ಸಚಿವಾಲಯದಲ್ಲಿರುವ ನಮ್ಮ ಸೈಟಿಸ್ ಪ್ರಾಧಿಕಾರಕ್ಕೂ ಬರೆದು, ಅವರ ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ. ಎರಡೂ ಕೈಗೆ ಬರುವ ತನಕ ಸಾಗಣೆಯವರಿಗೆ ದಿನಾಂಕ ಕೊಡಬೇಡಿ.

ದಾಖಲೆ ಕೋಣೆ

ವಿಷಯಕ್ಕೆ ಹತ್ತಿರದ ಒಂದು ಮಾತು. ಭಾರತದಲ್ಲಿ ಇದೇ ಪ್ರಶ್ನೆ ಚಂಡೀಗಢದಲ್ಲಿ ತಲೆಕೆಳಗಾಗಿ ಎದ್ದಿತ್ತು. ವಾಸ್ತುಶಿಲ್ಪಿ ಪಿಯೆರ್ ಜನ್ನರೆ ಮತ್ತು ಸಂಗಡಿಗರು ಆ ನಗರದ ಕಚೇರಿಗಳಿಗಾಗಿ ರೂಪಿಸಿದ ಕುರ್ಚಿ, ಮೇಜುಗಳನ್ನು ಇಲಾಖೆಗಳೇ ಗುಜರಿಯೆಂದು ಹರಾಜು ಹಾಕಿದವು. ಯುರೋಪಿನ ವ್ಯಾಪಾರಿಗಳು ಕೊಂಡು ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ ಮತ್ತು ರಫ್ತನ್ನು ನಿಷೇಧಿಸಿತು; 12,793 ವಸ್ತುಗಳನ್ನು ಪರಂಪರೆಯ ಸ್ವತ್ತೆಂದು ಗುರುತಿಸಲಾಯಿತು. ಕುರ್ಚಿಯ ಬೆನ್ನಿಗೆ ಗುಮಾಸ್ತರು ಬಣ್ಣದಲ್ಲಿ ಬರೆದ ಇಲಾಖೆಯ ಸಂಖ್ಯೆಯೇ ಇಂದು ಹರಾಜುಗಳಲ್ಲಿ ಅಸಲಿತನದ ಗುರುತು. ಅದನ್ನು ಉಜ್ಜಿ ತೆಗೆದು ಹೊಸದರಂತೆ ಮಾಡಿದವರು ತಮ್ಮ ವಸ್ತುವಿನ ಏಕೈಕ ಸಾಕ್ಷಿಯನ್ನೇ ಅಳಿಸಿಹಾಕಿದರು.

ಅಮಾಗರ್ ಕನ್ನಡತಿ

ಎಲ್ಲರಿಗೂ ಧನ್ಯವಾದಗಳು. ಹಿರಿಯರ ಮಗಳು ಹೇಳಿಕೆ ಬರೆದುಕೊಡಲು ಒಪ್ಪಿದ್ದಾರೆ. ಮೇಜಿನ ಹಿಂದೆ ತಂದೆ ನಿಂತಿರುವ ಕಚೇರಿಯ ಬೀಳ್ಕೊಡುಗೆಯ ಫೋಟೋ ಒಂದು ಇದ್ದಿರಬೇಕು, ಹುಡುಕುತ್ತೇನೆ ಎಂದೂ ಹೇಳಿದರು. ಫೋಟೋ ಸಿಗಲಿ, ಸಿಗದಿರಲಿ, ಎರಡು ಬಿಲ್ಲು, ಬಿಲ್ಲೆಯ ಸಮೀಪಚಿತ್ರ ಮತ್ತು ಆ ಹೇಳಿಕೆಯೊಂದಿಗೆ ಅರ್ಜಿ ಹಾಕುತ್ತೇವೆ. ಅರ್ಜಿಯಲ್ಲಿ ಸಿನಿಮಾದ ಸುದ್ದಿ ಎತ್ತುವುದಿಲ್ಲ. ಚೌಕಟ್ಟಿನ ಒಂದು ಕಾಲಿನ ಬುಡದಲ್ಲಿ ಕ್ರೋಮ್ ಸ್ವಲ್ಪ ಎದ್ದು ತುಕ್ಕು ಕಾಣುತ್ತಿದೆ. ಹೊರಡುವ ಮೊದಲು ಅದನ್ನು ಸರಿಪಡಿಸಿ, ಮೇಲ್ಹಲಗೆಗೆ ಎಣ್ಣೆ ಹಚ್ಚಿಸಬಹುದೇ?

ಹಳೇ ಪಾಲಿಶ್

ಈಗ ಯಾವುದನ್ನೂ ಮುಟ್ಟಬೇಡಿ. ಅರ್ಜಿಯೊಂದಿಗೆ ಕೊಟ್ಟ ಚಿತ್ರಕ್ಕೂ ಬಂದರಿನಲ್ಲಿ ಅಧಿಕಾರಿ ನೋಡುವ ಮೇಜಿಗೂ ಒಂದು ಗೀರಿನ ವ್ಯತ್ಯಾಸವೂ ಇರಬಾರದು. ತುಕ್ಕನ್ನು ಒಣಬಟ್ಟೆಯಲ್ಲಿ ಒರೆಸಿ ಬಿಡಿ, ಅಷ್ಟು ಸಾಕು. ಕಟ್ಟುವಾಗ ಡ್ರಾಯರುಗಳನ್ನು ಹೊರತೆಗೆದು ಬೇರೆಯಾಗಿ ಸುತ್ತಿಸಿ. ಬಿಲ್ಲೆಯ ಮೇಲೆ ಅಂಟುಪಟ್ಟಿ ಹಾಕದಂತೆ ಕೂಲಿಯವರಿಗೆ ತೋರಿಸಿ ಹೇಳಿ, ಕೀಳುವಾಗ ಪಾಲಿಶ್ ಎಳೆಯೂ ಅದರ ಜೊತೆ ಎದ್ದು ಬಂದೀತು. ಮೈಸೂರಿಗೆ ಬಂದ ಮೇಲೆ ಮೇಜು ಒಂದು ಮಳೆಗಾಲವನ್ನು ಕಳೆಯಲಿ. ಅಲ್ಲಿ ಹೀಟರಿನ ಒಣಹವೆಯಲ್ಲಿದ್ದ ಮರ ಇಲ್ಲಿ ತುಸು ಉಬ್ಬುತ್ತದೆ, ಡ್ರಾಯರುಗಳು ಬಿಗಿಯಾಗಬಹುದು. ಆಗ ಯಾರೂ ಆತುರದಲ್ಲಿ ಹತ್ತರಿ ಹೊಡೆಯದಂತೆ ನೋಡಿಕೊಳ್ಳಿ. ಜಾರುವ ಅಂಚಿಗೆ ಮೇಣ ಸವರಿ ಚಳಿಗಾಲದವರೆಗೆ ಕಾಯ್ದರೆ ಬಹುತೇಕ ಸಡಿಲವಾಗುತ್ತವೆ. ಆಗಲೂ ಬಿಗಿಯಿದ್ದರೆ ಬಂದು ನೋಡುತ್ತೇನೆ.